ಮೊಮ್ಮಗಳ ತಟ್ಟೆಯ ಮುಂದೆ ಅಂಬಕ್ಕ

ಹೊನ್ನಾವರದ ಮೀನುಪೇಟೆಯ ಪಕ್ಕದಲ್ಲೇ ನನ್ನ ಹೊಲಿಗೆ ಅಂಗಡಿ. ಹೊಳೆಯಾಚೆಯ ಕಾಸರಕೋಡಿನ ಅಂಬಕ್ಕ ಮೀನು ಮಾರಿ ಮುಗಿಸಿ, ಖಾಲಿ ಬುಟ್ಟಿಯನ್ನು ನನ್ನ ಅಂಗಡಿಯ ಗೋಡೆಗೆ ಒರಗಿಸಿ, ಒಂದು ಎಲೆಯಡಿಕೆಯ ಕವಳ ಹಾಕಿಕೊಂಡು ಮನೆಗೆ ಹೋಗುವುದು ಬಹಳ ವರ್ಷಗಳ ವಾಡಿಕೆ. ಬುಟ್ಟಿಯ ವಾಸನೆಗೆ ಮದುವೆ ಬ್ಲೌಸಿನ ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಾರೆ ಎಂದು ನಾನು ಎಷ್ಟು ಗೊಣಗಿದರೂ ಅವಳು ಕಿವಿಗೆ ಹಾಕಿಕೊಂಡವಳಲ್ಲ. ಗೊಣಗಿದ ದಿನ ನನಗೊಂದು ಪೊಟ್ಟಣ ತಾರ್ಲೆ ಮೀನು ಪುಕ್ಕಟೆ ಸಿಗುತ್ತಿದ್ದುದರಿಂದ ನಾನೂ ಆ ಮಾತನ್ನು ಹೆಚ್ಚು ಬೆಳೆಸಲಿಲ್ಲ.

ಮೀನಿಗಿಂತ ಹೆಚ್ಚಾಗಿ ಅಂಬಕ್ಕ ಹೆಸರು ಮಾಡಿದ್ದು ಮಕ್ಕಳಿಗೆ ಉಣಿಸುವುದರಲ್ಲಿ. ಅವಳ ಕೇರಿಯಲ್ಲಿ ಯಾವ ಮಗು ಊಟಕ್ಕೆ ಹಟ ಮಾಡಿದರೂ ತಾಯಂದಿರು ಅದನ್ನು ಎತ್ತಿಕೊಂಡು ಅವಳ ಮನೆಗೆ ಬರುತ್ತಿದ್ದರು. ಅವಳು ನೆಲದಲ್ಲಿ ಕಾಲು ಚಾಚಿ ಕೂರುವುದು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸುವುದು, ಅದರ ಎರಡೂ ಕೈಗಳನ್ನು ತನ್ನ ಒಂದು ಕೈಯಲ್ಲಿ ಹಿಡಿಯುವುದು. ಇನ್ನೊಂದು ಕೈಯಲ್ಲಿ ಒಳಲೆ, ಅಂದರೆ ಕೊಕ್ಕಿರುವ ಸಣ್ಣ ಬಟ್ಟಲು. ಅದರಿಂದ ಗಂಜಿಯನ್ನು ಬಾಯಿಗೆ ಹುಯ್ಯುವುದು, ಮಗು ನುಂಗದಿದ್ದರೆ ಮೂಗನ್ನು ಒಂದು ಕ್ಷಣ ಹಿಡಿಯುವುದು. ಮಗು ಊರು ಕೇಳುವಂತೆ ಕಿರುಚಿ, ಗುಟುಕ್ಕೆಂದು ನುಂಗುತ್ತಿತ್ತು. ಇದೆಂಥ ಉಪಾಯ ಎಂದು ಯಾರಾದರೂ ಕೇಳಿದರೆ, ಹಾಗೆ ಉಂಡವರೆಲ್ಲ ಇವತ್ತು ಬೋಟಿನಲ್ಲಿ ಬಲೆ ಎಳೆಯುತ್ತಿಲ್ಲವೇ ಎಂದು ಅವಳು ತಿರುಗಿ ಕೇಳುತ್ತಿದ್ದಳು.

ಅಂಥವಳ ಸ್ವಂತ ಮೊಮ್ಮಗಳು ಉಣ್ಣಲಿಲ್ಲ. ಅಂಬಕ್ಕನ ಮಗ ದಿನೇಶ, ಸೊಸೆ ಸಂಗೀತಾ. ಅವರ ಮಗಳು ದಿವ್ಯಶ್ರೀ ತಿಂಗಳು ತುಂಬುವ ಮೊದಲೇ ಹುಟ್ಟಿದವಳು. ಅಂಗೈ ಮೇಲೆ ಹಿಡಿಯುವಷ್ಟೇ ಇದ್ದ ಆ ಜೀವ ದೂರದ ದೊಡ್ಡ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಮಲಗಿತ್ತು. ಮೂಗಿನಿಂದ ಹೊಟ್ಟೆಗೆ ಇಳಿಸಿದ ಟ್ಯೂಬಿನಲ್ಲೇ ಹಾಲು. ಬದುಕಿ ಮನೆಗೆ ಬಂದದ್ದೇ ದೊಡ್ಡದು ಎಂದು ಎಲ್ಲರೂ ಸಂತೋಷಪಟ್ಟರು. ಆದರೆ ಎರಡು ವರ್ಷ ತುಂಬಿದರೂ ಬಾಟಲಿಯ ಹಾಲಿನ ಹೊರತು ಏನೂ ಬೇಡ. ರಾಗಿ ಕಾಯಿಸಿದ ಮಣ್ಣಿ ತಂದರೆ ಮುಖ ತಿರುಗಿಸುವಳು, ಅನ್ನದ ಒಂದು ಅಗುಳು ನಾಲಿಗೆಗೆ ತಾಗಿದರೆ ಓಕರಿಸಿ ಕುಡಿದ ಹಾಲನ್ನೂ ಕಕ್ಕುವಳು. ಪಕ್ಕದ ಮನೆಯ ವರ್ಷದ ಕೂಸು ಇವಳಿಗಿಂತ ಭಾರವಿತ್ತು. ಅಂಬಕ್ಕ ಕಾಲು ಚಾಚಿ ಒಳಲೆ ಹಿಡಿದದ್ದು ಎಷ್ಟು ಸಲವೋ. ಮಗು ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿತ್ತೇ ಹೊರತು ಹೊಟ್ಟೆಗೆ ಇಳಿದದ್ದು ಅಷ್ಟರಲ್ಲೇ ಇತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ, ಆ ಮಗು ಹಸಿವೆಂದು ಒಂದು ದಿನವೂ ಅತ್ತದ್ದಿಲ್ಲ.

ಕುಮಟಾದ ಮಕ್ಕಳ ಡಾಕ್ಟರು ತೂಕ ನೋಡಿ ನೇರವಾಗಿ ಹೇಳಿಬಿಟ್ಟರು. ದೀಪಾವಳಿ ಕಳೆಯುವಷ್ಟರಲ್ಲಿ ಮಗು ಮೈ ಹಿಡಿಯದಿದ್ದರೆ ಮತ್ತೆ ಟ್ಯೂಬ್ ಹಾಕಬೇಕು, ಈ ಸಲ ಹೊಟ್ಟೆಗೇ ತೂತು ಮಾಡಿ ಹಾಕಬೇಕಾದೀತು. ಹಾಗೆಂದವರು, ಅದಕ್ಕೂ ಮೊದಲು ಮೇಲಿನ ಮಹಡಿಯ ಸೌಜನ್ಯಾ ಅವರನ್ನು ಕಂಡು ಬನ್ನಿ ಎಂದು ಕಳಿಸಿದರು. ಬಾಗಿಲಿನ ಬೋರ್ಡು ನೋಡಿದರೆ ಸೌಜನ್ಯಾ ಸ್ಪೀಚ್ ಥೆರಪಿಸ್ಟ್, ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವವರು.

ಮರುದಿನ ಅಂಬಕ್ಕ ನನ್ನ ಅಂಗಡಿಗೆ ಬಂದಾಗ ಕವಳವನ್ನೂ ಹಾಕದೆ ಕುದಿಯುತ್ತಿದ್ದಳು. ಅನ್ನ ತಿನ್ನದ ಮಗುವನ್ನು ಮಾತು ಕಲಿಸುವವರ ಹತ್ತಿರ ಕಳಿಸುತ್ತಾರೆ, ಅವರೋ ಎಲ್ಲ ಬಿಟ್ಟು ಅಜ್ಜಿ ಇನ್ನು ಮುಂದೆ ಮಗುವಿಗೆ ಉಣಿಸಬಾರದು ಅನ್ನುತ್ತಾರೆ! ಸೊಸೆ ಅದಕ್ಕೆ ತಲೆಯಾಡಿಸಿ ಬಂದಿದ್ದಾಳೆ. ಮುಂದಿನ ಸಲ ತಾನೇ ಹೋಗಿ ಕೇಳುತ್ತೇನೆ ಎಂದಳು. ನನಗೆ ಕುಮಟಾದಿಂದ ಲೈನಿಂಗ್ ಬಟ್ಟೆ ತರುವುದಿತ್ತು. ಸುಳ್ಳೇಕೆ, ಜಗಳ ನೋಡುವ ಆಸೆಯೂ ಇತ್ತು. ನಾನೂ ಹೊರಟೆ.

ಸೌಜನ್ಯಾ ನಾನು ಎಣಿಸಿದ್ದಕ್ಕಿಂತ ಚಿಕ್ಕವರು. ಅಂಬಕ್ಕ ಹೊಸ್ತಿಲು ದಾಟುವ ಮೊದಲೇ ಶುರು ಮಾಡಿದಳು.

"ಅಕ್ಕೋರೆ, ಮಾತು ಕಲ್ಸೋರಿಗೆ ಅನ್ನದ ಸುದ್ದಿ ಎಂತಕ್ಕೆ?"

ಅವರು ಸಿಟ್ಟಾಗಲಿಲ್ಲ. ಮಾತಾಡುವುದಕ್ಕೂ ಉಣ್ಣುವುದಕ್ಕೂ ಇರುವುದು ಒಂದೇ ತುಟಿ, ಒಂದೇ ನಾಲಿಗೆ, ಒಂದೇ ದವಡೆ. ಅವು ಹೇಗೆ ಕೆಲಸ ಮಾಡುತ್ತವೆಂದು ನೋಡುವುದೇ ತನ್ನ ಕಸುಬು ಎಂದರು. ಆಮೇಲೆ ಅಂಬಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಲು ಹೇಳಿ, ಸಂಗೀತಾಳ ಕೈಗೆ ಒಂದು ಚಮಚ ನೀರು ಕೊಟ್ಟು ಅತ್ತೆಯ ಬಾಯಿಗೆ ಹಾಕಿ ಅಂದರು. ಸಂಗೀತಾ ನನ್ನ ಮುಖ ನೋಡಿದಳು. ಇಂಥ ಅವಕಾಶ ಯಾವ ಸೊಸೆಗೆ ಸಿಗುತ್ತದೆ? ಹಾಕಿದಳು. ಅಂಬಕ್ಕ ಕೆಮ್ಮಿದ ರಭಸಕ್ಕೆ ನೀರು ಸೌಜನ್ಯಾರ ಮೇಜಿನವರೆಗೂ ಹಾರಿತು. ಕಣ್ಣು, ಮೂಗು ಒರೆಸಿಕೊಳ್ಳುವುದಕ್ಕೇ ಅವಳಿಗೆ ಬಹಳ ಹೊತ್ತು ಬೇಕಾಯಿತು.

"ಅಜ್ಜಿ, ನಿಮ್ಗೆ ಬರೀ ಒಂದು ಚಮಚ ನೀರಿಗೆ ಹೀಗಾತು," ಎಂದರು ಸೌಜನ್ಯಾ. "ದಿವ್ಯ ಹಟ ಮಾಡ್ತಾ ಇಲ್ಲ. ಅವಳಿಗೆ ಹೆದರಿಕೆ."

ಅವರು ಬಿಡಿಸಿ ಹೇಳಿದ್ದು ಇಷ್ಟು. ಹುಟ್ಟಿದಾಗಿನಿಂದ ಈ ಮಗುವಿನ ಮುಖದ ಹತ್ತಿರ ಬಂದದ್ದೆಲ್ಲ ನೋವು ಕೊಟ್ಟದ್ದೇ. ಮೊದಲು ಟ್ಯೂಬು, ಆಮೇಲೆ ಬಲವಂತದ ಚಮಚ. ಹಾಗಾಗಿ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತಿದೆ. ಬೇರೆ ಮಕ್ಕಳು ಕೈ, ಆಟಿಕೆ, ಸೆರಗು ಎಲ್ಲವನ್ನೂ ಬಾಯಿಗೆ ಹಾಕಿ ಚೀಪುವ ವಯಸ್ಸಿನಲ್ಲಿ ಇವಳು ಅದನ್ನು ಮಾಡಿಲ್ಲ. ತುತ್ತನ್ನು ಹಲ್ಲಿನ ಕಡೆ ತಳ್ಳುವುದು ನಾಲಿಗೆಗೆ ಗೊತ್ತಿಲ್ಲ, ಅಗುಳು ನೇರ ಗಂಟಲಿಗೆ ಹೋಗಿ ಓಕರಿಕೆ ಬರುತ್ತದೆ. ಮಲಗಿಸಿ ಹುಯ್ದರೆ ಗಂಜಿ ಉಸಿರಿನ ದಾರಿಗೂ ಹೋಗಬಹುದು. ಮೇಲಿಂದ ಮೇಲೆ ಎದೆಯಲ್ಲಿ ಕಫ ಕಟ್ಟುತ್ತಿದ್ದುದಕ್ಕೆ ಅದೂ ಒಂದು ಕಾರಣವಿರಬಹುದು ಎಂದು ಡಾಕ್ಟರಿಗೂ ಅನುಮಾನವಿತ್ತು. ಇನ್ನು ಮೇಲೆ ಮಗು ನೆಟ್ಟಗೆ ಕೂತಿರಬೇಕು, ಪಾದಗಳು ನೇತಾಡದೆ ಯಾವುದಾದರೊಂದರ ಮೇಲೆ ಊರಿರಬೇಕು. ತಟ್ಟೆ ಮುಂದಿಡಿ, ಮುಟ್ಟಲಿ, ಮೂಸಲಿ, ಚೆಲ್ಲಲಿ. ಅವಳಾಗಿ ಬಾಯಿ ತೆರೆದರೆ ಮಾತ್ರ ಚಮಚ. ಮುಖ ತಿರುಗಿಸಿದರೆ ಊಟ ಮುಗಿಯಿತು. ಅಲ್ಲಿಯವರೆಗೆ ಹೊಟ್ಟೆಗೆ ಬಾಟಲಿಯ ಹಾಲು ಇದ್ದೇ ಇರಲಿ, ತೂಕವನ್ನು ಡಾಕ್ಟರು ನೋಡುತ್ತಿರುತ್ತಾರೆ.

 

ಮಾರನೆಯ ದಿನ ಪೇಟೆಯಲ್ಲಿ ಒಂದು ಸಂಗತಿ ನಡೆಯಿತು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಒಬ್ಬ ಹೆಂಗಸು ಅಂಬಕ್ಕನ ಬುಟ್ಟಿಯ ಮೀನನ್ನೆಲ್ಲ ಒತ್ತಿ, ಕಿವಿರು ಎತ್ತಿ, ಮೂಸಿ, ಮಗುಚಿ ಹಾಕಿ, ಏನೂ ಕೊಳ್ಳದೆ ಹೋಗುವುದು ಹಿಂದಿನಿಂದಲೂ ಇದ್ದದ್ದೇ. ಅವಳನ್ನು ಅಂಬಕ್ಕ ಅಷ್ಟೂ ದಿನ ಬೈದುಕೊಂಡಿದ್ದಳು. ಆವತ್ತು ಅದೇ ಹೆಂಗಸು ಬಂದವಳು ಬುಟ್ಟಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಸುರಮಾಯಿ ಮೀನನ್ನು ಚೌಕಾಸಿ ಮಾಡದೆ ತೆಗೆದುಕೊಂಡು ಹೋದಳು. ಅಂಬಕ್ಕ ಬುಟ್ಟಿಯನ್ನು ಪಕ್ಕದವಳಿಗೆ ನೋಡಿಕೊಳ್ಳಲು ಹೇಳಿ ನನ್ನ ಅಂಗಡಿಗೆ ಓಡಿ ಬಂದಳು.

"ಭಾಗ್ಯಕ್ಕ, ಮೀನು ಮುಟ್ಟಿ ನೋಡ್ದೆ ಯಾರಾದ್ರೂ ತಕಂತಾರ? ನಾ ಯಾರ ಕೈಚೀಲಕ್ಕಾದ್ರೂ ಒತ್ತಿ ಮೀನು ಹಾಕಿದ್ದೆನ?"

ಇಲ್ಲ ಎಂದೆ. ಒತ್ತಿ ಹಾಕಿದ್ದರೆ ಆ ಗಿರಾಕಿ ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ ಎಂದೂ ಸೇರಿಸಿದೆ. ಅವಳು ಅಲ್ಲೇ ಕುಸಿದು ಕೂತು, ಆ ಅಕ್ಕೋರು ಹೇಳಿದ್ದೂ ಇದನ್ನೇ ತಾನೆ, ತನ್ನ ಮಂಡೆಗೆ ಯಾಕೆ ಹೋಗಲಿಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಬೋಟುಗಳನ್ನು ಕಟ್ಟಿಹಾಕಿದರು, ದಿನೇಶನಿಗೆ ಬಲೆ ದುರಸ್ತಿ ಬಿಟ್ಟರೆ ಬೇರೆ ಕೆಲಸವಿಲ್ಲ. ಅವನು ಹಳೆಯ ದೋಣಿಯ ಹಲಗೆ ಸೀಳಿ ಮಗಳಿಗೊಂದು ಕುರ್ಚಿ ಮಾಡಿದ. ಸೌಜನ್ಯಾ ಹೇಳಿದ ಅಳತೆಗೆ ಸರಿಯಾಗಿ ಕಾಲೂರಲು ಅಡ್ಡಪಟ್ಟಿ, ಮುಂದೆ ತಟ್ಟೆ ಇಡುವ ಹಲಗೆ, ಎರಡೂ ಬದಿಗೆ ಮಗು ವಾಲದಂತೆ ಬಲೆಗೆ ಕಟ್ಟುವ ತೇಲುಬೆಂಡು. ಆ ಬೆಂಡಿನ ಮೇಲೆ ಹಾಕಲು ಹೂವಿನ ಬಟ್ಟೆಯ ಕವಚ ಹೊಲಿದವಳು ನಾನು. ಕುರ್ಚಿ ನೋಡಲು ಕೇರಿಯವರೆಲ್ಲ ಬಂದು, ಇದನ್ನು ನೀರಿಗೆ ಬಿಟ್ಟರೆ ಹೊಳೆ ನಡುವಿನ ಮಾವಿನಕುರ್ವೆ ದ್ವೀಪದವರೆಗೆ ತೇಲಿ ಹೋಗಬಹುದು ಎಂದು ನಕ್ಕರು.

ಒಂದು ಭಾನುವಾರ ನಾನು ಹೋದಾಗ ಕಂಡ ನೋಟ ಹೇಳಬೇಕು. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದಾರೆ. ದಿವ್ಯಳ ಮುಂದೆ ನುಣ್ಣಗಿನ ರಾಗಿ ಮಣ್ಣಿ. ಅವಳು ಅದನ್ನು ಶತ್ರುವಿನಂತೆ ನೋಡುತ್ತಿದ್ದಾಳೆ. ಪಕ್ಕದಲ್ಲಿ ಅಂಬಕ್ಕ ತನ್ನ ಬಲಗೈಯಲ್ಲಿ ಉಣ್ಣುತ್ತಾ, ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದಾಳೆ. ಕೇಳಿದರೆ, ಹೀಗೆ ಇಟ್ಟುಕೊಳ್ಳದಿದ್ದರೆ ಆ ಕೈ ತನ್ನ ಮಾತು ಕೇಳದೆ ಚಮಚ ಹಿಡಿಯುತ್ತದೆ ಎಂದಳು. ಮಗುವಿಗೆ ತಿನ್ನು ಎನ್ನುವಂತಿಲ್ಲ, ಹೊಗಳುವಂತಿಲ್ಲ, ಹೆದರಿಸುವಂತಿಲ್ಲ. ಅಷ್ಟು ವರ್ಷ ಪೇಟೆಯಲ್ಲಿ ಕೂಗಿದ ಗಂಟಲಿಗೆ ಅದು ಎಂಥ ಶಿಕ್ಷೆ ಎಂದು ನನಗೆ ನಗು ತಡೆಯಲಾಗಲಿಲ್ಲ.

ವಾರಗಟ್ಟಲೆ ಏನೂ ಆಗಲಿಲ್ಲ. ಆಮೇಲೊಂದು ದಿನ ದಿವ್ಯ ಮಣ್ಣಿಯಲ್ಲಿ ಒಂದು ಬೆರಳು ಅದ್ದಿ, ಬೆಚ್ಚಿ, ಅಜ್ಜಿಯ ಸೀರೆಗೆ ಒರೆಸಿದಳು. ಆ ಕಲೆಯ ಸೀರೆಯನ್ನೇ ಉಟ್ಟು ಅಂಬಕ್ಕ ಪೇಟೆಗೆ ಬಂದು ಎಲ್ಲರಿಗೂ ತೋರಿಸಿದಳು. ಮತ್ತೊಂದು ದಿನ ಇಡೀ ಅಂಗೈ ಅದ್ದಿ ಹಲಗೆಯ ಮೇಲೆ ಬಳಿದಳು. ಇನ್ನೊಂದು ದಿನ ಅದೇ ಬೆರಳು ತುಟಿಗೆ ತಾಗಿತು. ಓಕರಿಕೆ ಬರಲಿಲ್ಲ.

ಅಲ್ಲಿಯೇ ಅಂಬಕ್ಕ ಎಡವಿದಳು. ಮಗು ಏನಕ್ಕೋ ಬಾಯಿ ಬಿಟ್ಟು ನಕ್ಕಾಗ ತಡೆಯಲಾಗದೆ ಒಂದು ಚಮಚ ಒಳಗೆ ತುರುಕಿಬಿಟ್ಟಳು. ದಿವ್ಯ ಕೆಮ್ಮಿ, ಕಕ್ಕಿ, ಆಮೇಲೆ ಕುರ್ಚಿ ಕಂಡರೇ ಬೆನ್ನು ಸೆಟೆಸಿ ಕಿರುಚತೊಡಗಿದಳು. ಸಂಗೀತಾ ಅತ್ತೆಯ ಹತ್ತಿರ ಮಾತು ಬಿಟ್ಟಳು. ದಿನೇಶ ಕುರ್ಚಿಯನ್ನು ಮೂಲೆಗೆ ಇಟ್ಟ. ಅಂಬಕ್ಕ ನನ್ನ ಅಂಗಡಿಯಲ್ಲಿ ಹೊಲಿಗೆ ಮಿಶಿನ್ನಿನ ಹಿಂದೆ ಕೂತು ಅತ್ತದ್ದನ್ನು ಆಗ ನಾನು ಯಾರಿಗೂ ಹೇಳಿರಲಿಲ್ಲ. ತನ್ನ ಕೈಯಿಂದಲೇ ಮಗುವಿನ ಹೊಟ್ಟೆಗೆ ತೂತು ಬೀಳುತ್ತದೆ ಎಂಬುದು ಅವಳ ಸಂಕಟ. ನಾನು ಸೌಜನ್ಯಾ ಅವರಿಗೆ ಫೋನು ಹಚ್ಚಿ ಅವಳ ಕಿವಿಗೆ ಹಿಡಿದೆ. ಇದು ಎಲ್ಲ ಮನೆಯಲ್ಲೂ ಒಮ್ಮೆಯಾದರೂ ಆಗುವಂಥದ್ದೇ, ಹೆದರಬೇಡಿ, ಮಗುವಿಗೆ ಮತ್ತೆ ನಂಬಿಕೆ ಬರುತ್ತದೆ, ಆದರೆ ಪುನಃ ಮೊದಲಿನಿಂದ ಶುರು ಮಾಡಬೇಕು ಎಂದರು ಅವರು.

ಮೊದಲಿನಿಂದ ಅಂದರೆ ಮೊದಲಿನಿಂದಲೇ. ಅಂಬಕ್ಕ ಕುರ್ಚಿಯನ್ನು ಅಂಗಳಕ್ಕೆ ತಂದಳು, ಅದರಲ್ಲಿ ಊಟವಿಲ್ಲ, ಬರೀ ಆಟ. ನೀರು ತುಂಬಿದ ಬೋಗುಣಿ, ತೇಲುವ ಬೆಂಡು, ಚಿಪ್ಪು. ಆಮೇಲೆ ಚಿಪ್ಪಿನ ಬದಲು ಚಮಚ. ಸೌಜನ್ಯಾ ತಿಂಗಳಿಗೆರಡು ಸಲ ನೋಡುತ್ತಿದ್ದರು. ಕೆನ್ನೆ, ತುಟಿಗಳನ್ನು ಮೆಲ್ಲಗೆ ತೀಡುವುದನ್ನು ಹಾಡು ಹೇಳುವ ಆಟವಾಗಿ ಕಲಿಸಿದರು. ಜಗಿಯಲು ಮೆತ್ತಗಿನ ರಬ್ಬರಿನ ಕಡ್ಡಿ ಕೊಟ್ಟು ಅದನ್ನು ಬಾಯಿಯ ಬದಿಗೆ ಇಡುವುದು ಹೇಗೆಂದು ತೋರಿಸಿದರು. ನವರಾತ್ರಿಯ ಹೊತ್ತಿಗೆ ದಿವ್ಯ ಮಣ್ಣಿ ತಿನ್ನುತ್ತಿದ್ದಳು. ಆಮೇಲೆ ಬಾಳೆಹಣ್ಣು ಕಿವುಚಿದ್ದು. ಆಮೇಲೆ ಮೆತ್ತಗೆ ಬೇಯಿಸಿ ನುರಿದ ಅನ್ನ, ಅದರಲ್ಲಿ ಎಳೆ ಎಳೆಯಾಗಿ ಬಿಡಿಸಿದ ನೋಗಲಿ ಮೀನು. ನೋಗಲಿ ಕೊಟ್ಟ ದಿನ ಅಂಬಕ್ಕ ಒಂದೊಂದು ಎಳೆಯನ್ನೂ ಮುಳ್ಳಿಗಾಗಿ ಅದೆಷ್ಟು ತಡವಿದಳೆಂದರೆ ಅದು ಅವಳ ಕೈಯಲ್ಲೇ ಹಿಟ್ಟಾಯಿತು. ಸಂಗೀತಾ ನಕ್ಕಳು, ಅತ್ತೆ-ಸೊಸೆ ಮತ್ತೆ ಮಾತಾಡಿಕೊಂಡರು.

ಹಾಗೆಂದು ಟ್ಯೂಬಿನ ಭಯ ಹೋಗಿರಲಿಲ್ಲ. ಕೂರಿಸಿದರೆ ತಿನ್ನುವಳು, ಅದೂ ಗುಬ್ಬಿಯಷ್ಟು. ಕೂರಿಸದಿದ್ದರೆ ದಿನವಿಡೀ ಆಡಿಕೊಂಡಿರುವಳು, ಹೊಟ್ಟೆಯ ನೆನಪೇ ಇಲ್ಲ. ದೀಪಾವಳಿ ಕಳೆದ ವಾರ ಅತ್ತೆ-ಸೊಸೆ ಮಗುವನ್ನು ಎತ್ತಿಕೊಂಡು ಕುಮಟಾಕ್ಕೆ ಹೊರಟರು. ಅಂಗಡಿಗೆ ಬಟ್ಟೆ ತರುವ ನೆಪದಲ್ಲಿ ನಾನೂ ಜೊತೆಗೆ ಹೋದೆ. ಬಟ್ಟೆ ನಿಜವಾಗಿಯೂ ಬೇಕಿತ್ತು, ಮೊದಲು ಹೋಗಿ ಅದನ್ನೇ ಕೊಂಡು, ಗಂಟು ಹೊತ್ತು ಆಸ್ಪತ್ರೆಗೆ ಬಂದೆ.

ತೂಕ ಏರಿತ್ತು. ಆದರೆ ಡಾಕ್ಟರು ಬಯಸಿದಷ್ಟಲ್ಲ. ಅವರು ಮುಖ ಸಪ್ಪಗೆ ಮಾಡಿಕೊಂಡು, ಟ್ಯೂಬ್ ಬೇಕೋ ಬೇಡವೋ ಎಂದು ಸೌಜನ್ಯಾರ ಹತ್ತಿರ ಮಾತಾಡಿ ಹೇಳುತ್ತೇನೆ, ಹೊರಗೆ ಕೂತಿರಿ ಎಂದರು. ಸೌಜನ್ಯಾ ಒಳಗೆ ಹೋಗುವ ಮೊದಲು ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದರು. ದಿವ್ಯ ಎಂದಾದರೂ ತಾನಾಗಿ ಊಟ ಕೇಳುತ್ತಾಳಾ? ಸಂಗೀತಾ ಇಲ್ಲವೆಂದು ತಲೆ ಆಡಿಸಿದಳು. ಸುಳ್ಳು ಹೇಳಬಹುದಿತ್ತು, ಅವಳು ಹೇಳಲಿಲ್ಲ.

ಕಾರಿಡಾರಿನ ಬೆಂಚಿನಲ್ಲಿ ಕೂತೆವು. ಮಧ್ಯಾಹ್ನ ಕಳೆಯುತ್ತಾ ಬಂತು. ಮಗುವಿನ ಡಬ್ಬಿ ಬೆಳಗ್ಗೆಯೇ ಖಾಲಿಯಾಗಿತ್ತು, ಬಾಟಲಿಯೂ ಮುಗಿದಿತ್ತು. ಅಂಬಕ್ಕ ಏನು ಮಾಡಬೇಕೆಂದು ತಿಳಿಯದೆ ತನ್ನ ಡಬ್ಬಿ ಬಿಚ್ಚಿದಳು. ಮೆತ್ತಗಿನ ಅನ್ನ, ನೋಗಲಿಯ ಸಾರು. ಒಂದು ತುತ್ತು ಬಾಯಿಗಿಟ್ಟಳೋ ಇಲ್ಲವೋ, ಸಂಗೀತಾಳ ಮಡಿಲಲ್ಲಿದ್ದ ದಿವ್ಯ ಅಳಲು ಶುರುಮಾಡಿದಳು.

ಸಣ್ಣ ಅಳುವಲ್ಲ. ಕಾರಿಡಾರಿನಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ಸಂಗೀತಾ ಹೊಟ್ಟೆನೋವೇನೋ ಎಂದು ಹೊಟ್ಟೆ ನೀವಿದಳು. ನಾನು ಇಂಜೆಕ್ಷನ್ನಿನ ಹೆದರಿಕೆ ಇರಬೇಕೆಂದು ಬಳೆ ಬಿಚ್ಚಿ ಕೊಟ್ಟೆ, ಅದನ್ನು ಎಸೆದಳು. ನರ್ಸೊಬ್ಬಳು ಬಂದು ಕಿವಿ ಮುಟ್ಟಿ ನೋಡಿದಳು. ಮಗು ಯಾರನ್ನೂ ಲೆಕ್ಕಿಸದೆ ತಾಯಿಯ ಮಡಿಲಿನಿಂದ ಬಗ್ಗಿ ಬಗ್ಗಿ ಅಂಬಕ್ಕನ ಡಬ್ಬಿಯ ಅಂಚನ್ನು ಹಿಡಿದು ಎಳೆಯುತ್ತಿತ್ತು. ಅಂಬಕ್ಕ ಅದನ್ನೇ ನೋಡುತ್ತಾ ಬಾಯಲ್ಲಿದ್ದ ತುತ್ತನ್ನು ನುಂಗುವುದನ್ನೇ ಮರೆತಿದ್ದಳು.

"ಸಂಗೀತಾ," ಎಂದಳು ಕೊನೆಗೆ, ಬಹಳ ಮೆಲ್ಲಗೆ. "ಅದ್ಕೆ ಹಸಿವು ಬಂದದೆ."

 ಆಮೇಲೆ ಅಂಬಕ್ಕ ನನ್ನ ಹೊಸ ಲೈನಿಂಗ್ ಬಟ್ಟೆಯ ಗಂಟನ್ನು ಕೇಳದೆ ಕಸಿದು ಬೆಂಚಿನ ಮೇಲಿಟ್ಟು, ಮಗುವನ್ನು ತಾಯಿಗೆ ಒರಗಿಸಿ ನೆಟ್ಟಗೆ ಕೂರಿಸಿ, ಪಾದಗಳನ್ನು ಗಂಟಿನ ಮೇಲೆ ಊರಿಸಿದಳು. ಡಬ್ಬಿಯ ಮುಚ್ಚಳದಲ್ಲಿ ಅನ್ನವನ್ನು ನುರಿದು, ಮೀನಿನ ಎಳೆ ತಡವಿ ಮುಂದಿಟ್ಟಳು. ದಿವ್ಯ ಎರಡೂ ಕೈಯಲ್ಲಿ ಬಳಿದು ಬಾಯಿಗೆ ಹಾಕಿಕೊಂಡಳು. ತುತ್ತು ನಾಲಿಗೆಯ ಮೇಲಿಂದ ಕೆನ್ನೆಯ ಬದಿಗೆ ಹೋಗಿ, ಸಣ್ಣ ದವಡೆ ಅದನ್ನು ಜಗಿಯುವುದು ನಮಗೆ ಕಾಣುತ್ತಿತ್ತು. ಅಂಬಕ್ಕ ಮುಳ್ಳು ನೋಡುವುದು ತಡವಾದರೆ ಮುಚ್ಚಳ ಬಡಿದು ಕೂಗು. ಇಡೀ ಮೀನುಪೇಟೆಗೆ ಜೋರು ಮಾಡುವ ಅಂಬಕ್ಕ ಆ ಮಗುವಿನ ಬೈಗುಳಕ್ಕೆ ಆತು, ಆತು ಎನ್ನುತ್ತಾ, ನಗುತ್ತಾ, ಮೂಗು ಸೋರುವಷ್ಟು ಅಳುತ್ತಾ ಮೀನು ಬಿಡಿಸಿದಳು. ನಾನೂ ಅತ್ತುಬಿಟ್ಟೆ. ಬಟ್ಟೆಗೆ ಸಾರು ಚೆಲ್ಲಿದ್ದು ನನಗೆ ಕಂಡದ್ದು ಸಂಜೆ ಅಂಗಡಿ ಬಾಗಿಲು ತೆರೆದಾಗಲೇ.

ಗದ್ದಲ ಕೇಳಿ ಡಾಕ್ಟರೂ ಸೌಜನ್ಯಾರೂ ಹೊರಗೆ ಬಂದರು.  ದಿವ್ಯ ಉಂಡಷ್ಟು ಉಂಡು ಮುಖ ತಿರುಗಿಸಿದಳು, ಅಂಬಕ್ಕ ಕೂಡಲೇ ಮುಚ್ಚಳ ತೆಗೆದಳು. ಸೌಜನ್ಯಾ ಅಲ್ಲೇ ನೆಲಕ್ಕೆ ಕೂತು ಮಗುವಿನ ಅನ್ನ ಮೆತ್ತಿದ ಕೈ ಹಿಡಿದುಕೊಂಡರು. ಟ್ಯೂಬಿನ ಮಾತು ಇನ್ನು ಬೇಡ, ಹೀಗೇ ನಡೆಯಲಿ, ಚಿಕಿತ್ಸೆ ಬಿಡಬೇಡಿ, ಹೊಸ ವರ್ಷಕ್ಕೆ ಬಂದು ತೂಕ ತೋರಿಸಿ ಎಂದರು ಡಾಕ್ಟರು.

ಸಂಗೀತಾ ದಿನೇಶನಿಗೆ ಫೋನು ಮಾಡಿದಳು. ಅವನು ಬಂದರಿನಲ್ಲಿ ಮೀನು ಇಳಿಸುತ್ತಿದ್ದ. ದಿವ್ಯ ಅತ್ತಳು ಎಂದಷ್ಟೇ ಅಂದು ಅವಳೇ ಅಳತೊಡಗಿದಳು. ಏನಾಯಿತು, ಡಾಕ್ಟರು ಏನೆಂದರು ಎಂದು ಅವನು ಗಾಬರಿಯಿಂದ ಕೇಳುವುದು ನಮಗೂ ಕೇಳುತ್ತಿತ್ತು. ಅಂಬಕ್ಕ ಫೋನು ಕಸಿದುಕೊಂಡಳು.

"ಎಂತದೂ ಆಗ್ಲಿಲ್ಲ ಮಾರಾಯ. ಹಸಿವಾಗಿ ಅತ್ತದ್ದು. ನನ್ನ ಡಬ್ಬಿ ಎಳೆದು ಉಂಡ್ತು. ಟ್ಯೂಬ್ ಬೇಡ ಅಂದ್ರು."

 ಫೋನು ಕೈಯಲ್ಲಿರುವುದನ್ನೇ ಮರೆತನೇನೋ, ದಿನೇಶ ಬೋಟಿನವರಿಗೆಲ್ಲ ಕೂಗಿ ಹೇಳಿದ್ದು ಕುಮಟಾದ ಆ ಕಾರಿಡಾರಿನಲ್ಲಿ ನಮಗೆ ಸ್ಪಷ್ಟವಾಗಿ ಕೇಳಿಸಿತು.

"ನನ್ನ ಮಗ್ಳು ಹಸಿವಾಗಿ ಅತ್ತಿತಂತ್ರೋ."